ದೊಡ್ಡ ಕರುಳಿನ ಪರೀಕ್ಷೆ

ಹಿರಿಯರೂ ಕಿರಿಯರೂ ಒಂದೇ ಮನೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಓದತಕ್ಕ ಪತ್ರಿಕೆಯಲ್ಲಿ ಮಲಾಶಯದ ಪ್ರಸ್ತಾಪವನ್ನು ಎತ್ತಬಹುದೇ ಎಂದು ವಾಚಕರಲ್ಲಿ ಕೆಲವರು ಶಂಕಿಸಬಹುದು. ನಮ್ಮ ಪೂರ್ವಿಕರಿಗೆ ಈ ಶಂಕೆ ಇದ್ದಂತೆ ತೋರುವುದಿಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರ್ಯೆಯ ಅಧ್ಯಾಯವು ಬ್ರಾಹ್ಮೀಮುಹೂರ್ತದಲ್ಲಿ ಏಳುವುದನ್ನು ಹೇಳಿದೊಡನೆಯೇ ಶೌಚದ ವಿಷಯಕ್ಕೆ ಬರುತ್ತದೆ. ದಂತಧಾವನ, ಅಭ್ಯಂಗ, ಸ್ನಾನ, ಭೋಜನ ಮೊದಲಾದುವೆಲ್ಲ ಅದರ ಅನಂತರದ ಮಾತು. ಶಾಸ್ತ್ರಕಾರರು ಸಂಕೋಚವಿಲ್ಲದೆ ಹೇಳಿದುದನ್ನು ಗೃಹಸ್ಥರಾದ ನಾವು ಕೇಳುವುದಕ್ಕೂ ನಾಚುವೆವಾದರೆ, ಆ ನಾಚಿಕೆಯಿಂದ ಆಗತಕ್ಕ ನಷ್ಟವನ್ನೂ ನಾವೇ ಅನುಭವಿಸಬೇಕಾಗುತ್ತದೆ. ಅಂತಹ ಒಂದು ನಷ್ಟವು ನಮ್ಮ ಕುಟುಂಬಕ್ಕೆ ಆದುದರಿಂದಲೇ ಈ ಲೇಖನವನ್ನು ಬರೆಯಬೇಕಾಗಿ ಬಂದಿತು.

ನಮ್ಮ ಅಗ್ರಜರು ಊರಿನಲ್ಲಿ ತೋಟವನ್ನು ನೋಡಿಕೊಂಡಿದ್ದವರು. ದೃಢಕಾಯರು, ಮಿತಾಹಾರಿಗಳು, ವೈದ್ಯರ ಮನೆಯ ಮೆಟ್ಟಿಲನ್ನು ಹತ್ತಿದವರಲ್ಲ. ಅವರಿಗೆ ಒಂದು ವರ್ಷಕ್ಕೂ ಮೇಲ್ಪಟ್ಟು ಮಲದೊಡನೆ ರಕ್ತವು ಬೀಳುತ್ತಿತ್ತು. ಇದನ್ನು ಅವರು ಯಾರಿಗೂ ಹೇಳಲಿಲ್ಲ. ಕಡೆಗೆ ಅತ್ತಿಗೆಯವರೇ ಬಟ್ಟೆಯ ಕಲೆಯನ್ನು ನೋಡಿ ಕೇಳಿದಾಗ, “ಮೂಲವ್ಯಾಧಿ ಕಣೇ, ಅಪ್ಪಯ್ಯನಿಗೂ ಇತ್ತು. ಅದಕ್ಕೆಲ್ಲ ಗಾಬರಿ ಆಗ್ತಾರೇನು?” ಎಂದು ನಕ್ಕು, ಯಾರೋ ಕೊಟ್ಟ ಚೂರ್ಣವನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುತ್ತ ಬಂದರು. ಮೈಯ ಬಣ್ಣವು ಬಿಳಿಚಿ, ಪಂಚೆಯ ಸುತ್ತು ಸಡಿಲವಾಗಿ, ಏರಿಯ ಮೇಲೆ ನಡೆಯುವಾಗ ಏದುಸಿರು ಬಂದಮೇಲೆ ಪಟ್ಟಣಕ್ಕೆ ಕರೆತಂದರು. ದೊಡ್ಡ ಕರುಳಿನಲ್ಲಿ ಅರ್ಬುದವು ಬೆಳೆದು ಯಕೃತ್ತಿಗೂ ಹಬ್ಬಿತ್ತು. ಎಂಟು ತಿಂಗಳು ಜೀವಿಸಿದ್ದು ೨೦೨೨ ರಲ್ಲಿ ತೀರಿಕೊಂಡರು.

ಅವರ ಶುಶ್ರೂಷೆಯ ಕಾಲದಲ್ಲಿಯೇ ವೈದ್ಯರು ನಮ್ಮನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ಇದು ಒಡಹುಟ್ಟಿದವರಲ್ಲೂ ಬರಬಹುದು. ತೊಂದರೆ ಏನೂ ಕಾಣದಿದ್ದರೂ ನೀವೂ ನಿಮ್ಮ ತಂಗಿಯವರೂ ಕೊಲೊನಾಸ್ಕೋಪಿ ಮಾಡಿಸಿಕೊಳ್ಳಬೇಕು” ಎಂದರು. ಆ ಹೆಸರನ್ನು ಕೇಳಿದವರೆಲ್ಲ ನಮಗೆ ಒಂದೊಂದು ಭಯಂಕರವಾದ ಕಥೆಯನ್ನು ಹೇಳಿದರು. ಹೇಳಿದವರಲ್ಲಿ ಒಬ್ಬರಾದರೂ ಅದನ್ನು ಮಾಡಿಸಿಕೊಂಡವರಾಗಿರಲಿಲ್ಲ. ೨೦೨೩ ರಲ್ಲಿ ನಾವು ಮಾಡಿಸಿಕೊಂಡೆವು. ಮಾಡಿಸಿಕೊಳ್ಳತಕ್ಕವರು ಏನನ್ನು ನಿರೀಕ್ಷಿಸಬಹುದೆಂಬುದನ್ನು, ಅನುಭವಿಸಿದುದನ್ನೂ ವೈದ್ಯರಿಂದ ಕೇಳಿ ತಿಳಿದುದನ್ನೂ ಸೇರಿಸಿ, ಇಲ್ಲಿ ಕ್ರಮವಾಗಿ ಹೇಳುತ್ತೇವೆ.

ದೊಡ್ಡ ಕರುಳೆಂಬುದು ಸುಮಾರು ಐದು ಅಡಿ ಉದ್ದದ ನಾಳ. ಹೊಟ್ಟೆಯ ಬಲಭಾಗದಲ್ಲಿ ಕೆಳಗೆ ಆರಂಭವಾಗಿ, ಮೇಲಕ್ಕೆ ಏರಿ, ಅಡ್ಡಲಾಗಿ ಹಾದು, ಎಡಭಾಗದಲ್ಲಿ ಇಳಿದು, ಡೊಂಕಾಗಿ ತಿರುಗಿ ಗುದದಲ್ಲಿ ಮುಗಿಯುತ್ತದೆ. ವಯಸ್ಸಾದಂತೆ ಕೆಲವರಿಗೆ ಇದರ ಒಳಪೊರೆಯ ಮೇಲೆ ಪಾಲಿಪ್ ಎಂಬ ಸಣ್ಣ ಮಾಂಸದ ಮೊಗ್ಗುಗಳು ಏಳುವುದುಂಟು. ಇವುಗಳಲ್ಲಿ ಬಹುಭಾಗ ನಿರುಪದ್ರವಿಗಳು. ಕೆಲವು ಮಾತ್ರ ಮೆಲ್ಲಮೆಲ್ಲನೆ ಬೆಳೆದು ಅರ್ಬುದವಾಗಿ ಪರಿಣಮಿಸುತ್ತವೆ. ಹಾಗೆ ಪರಿಣಮಿಸಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಆ ದೀರ್ಘಕಾಲವೆಲ್ಲ ನೋವಿರುವುದಿಲ್ಲ, ಜ್ವರವಿರುವುದಿಲ್ಲ. ಆ ಅವಧಿಯಲ್ಲಿ ಮೊಗ್ಗನ್ನು ಕಂಡು ಕಿತ್ತುಹಾಕಿದರೆ ಆ ಮೊಗ್ಗಿನಿಂದ ರೋಗವು ಹುಟ್ಟುವುದಕ್ಕೇ ಅವಕಾಶವಿಲ್ಲ. ಈ ಪರೀಕ್ಷೆಯ ಮಹತ್ತ್ವವಿರುವುದು ಇಲ್ಲಿಯೇ. ನೋಡುವ ಸಾಧನವೂ ಕೀಳುವ ಸಾಧನವೂ ಒಂದೇ ಕೊಳವೆಯಲ್ಲಿವೆ.

ಶರೀರದ ರಂಧ್ರಗಳಲ್ಲಿ ಕೊಳವೆಯನ್ನಿಟ್ಟು ನೋಡುವ ಉಪಾಯವು ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯಲ್ಲಿ ಎಣಿಸಿರುವ ನೂರೊಂದು ಯಂತ್ರಗಳಲ್ಲಿ ಇಪ್ಪತ್ತು ನಾಡೀಯಂತ್ರಗಳು, ಅಂದರೆ ಕೊಳವೆಗಳು. ರೋಗವನ್ನು ಕಣ್ಣಿಂದ ನೋಡುವುದೂ ಅವುಗಳ ಪ್ರಯೋಜನಗಳಲ್ಲಿ ಒಂದೆಂದು ಅಲ್ಲಿ ಹೇಳಿದೆ. ಮೂಲವ್ಯಾಧಿಯನ್ನು ನೋಡುವುದಕ್ಕೆ ಪ್ರತ್ಯೇಕವಾಗಿ ಅರ್ಶೋಯಂತ್ರವಿದ್ದಿತು. ಆದರೆ ನೇರವಾದ ಕೊಳವೆಯಿಂದ ಕೆಲವು ಅಂಗುಲಗಳಾಚೆಗೆ ಕಾಣಲಾಗದು, ಕರುಳಾದರೋ ಡೊಂಕು. ಬೆಳಕನ್ನು ಡೊಂಕಾದ ದಾರಿಯಲ್ಲಿ ಒಯ್ಯುವ ಗಾಜಿನ ಎಳೆಗಳ ಕಟ್ಟನ್ನು ಕುರಿತು ಪಂಜಾಬಿನವರಾದ ನರಿಂದರ್ ಸಿಂಗ್ ಕಪಾನಿಯವರೂ ಇಂಗ್ಲೆಂಡಿನ ಹೆರಾಲ್ಡ್ ಹಾಪ್ಕಿನ್ಸರೂ ೧೯೫೪ ರಲ್ಲಿ ಪ್ರಕಟಿಸಿದಮೇಲೆ ಈ ತೊಡಕು ಬಿಡಿಸಿತು. ೧೯೬೯ ರಲ್ಲಿ ನ್ಯೂಯಾರ್ಕ್ ನಗರದಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಬಗ್ಗುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವುದನ್ನೂ, ಹೊಟ್ಟೆಯನ್ನು ಕೊಯ್ಯದೆ ತಂತಿಯ ಕುಣಿಕೆಯಿಂದ ಮೊಗ್ಗನ್ನು ತೆಗೆಯುವುದನ್ನೂ ಬಳಕೆಗೆ ತಂದರು. ಈಗ ಗಾಜಿನ ಎಳೆಗಳ ಸ್ಥಾನದಲ್ಲಿ ಕೊಳವೆಯ ತುದಿಗೆ ಅತಿ ಸಣ್ಣ ಕ್ಯಾಮೆರಾ ಇರುತ್ತದೆ. ಕೊಳವೆಯ ದಪ್ಪವು ಒಂದು ಬೆರಳಿನಷ್ಟು.

ಈ ಪರೀಕ್ಷೆ ಯಾರಿಗೆ ಬೇಕು? ಮಲದಲ್ಲಿ ರಕ್ತ ಕಂಡವರಿಗೆ, ಬಹುಕಾಲದಿಂದ ಇದ್ದ ಶೌಚದ ಅಭ್ಯಾಸವು ಕಾರಣವಿಲ್ಲದೆ ಬದಲಾಗಿ ವಾರಗಟ್ಟಲೆ ಹಾಗೆಯೇ ನಿಂತವರಿಗೆ, ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದು ಅದರ ಕಾರಣ ತಿಳಿಯದವರಿಗೆ, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿರುವವರಿಗೆ ವೈದ್ಯರು ಇದನ್ನು ಸೂಚಿಸುತ್ತಾರೆ. ರಕ್ತ ಬಿದ್ದುದೆಲ್ಲ ಅರ್ಬುದವಲ್ಲ. ಬಹುಮಂದಿಗೆ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಯಾವುದು ಯಾವುದೆಂದು ಮನೆಯಲ್ಲಿ ಕುಳಿತು ನಿರ್ಣಯಿಸತಕ್ಕದ್ದಲ್ಲ. ಇನ್ನು ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಈ ರೋಗ ಬಂದಿದ್ದರೆ, ನಲವತ್ತನೆಯ ವಯಸ್ಸಿನಲ್ಲಿ, ಇಲ್ಲವೆ ಅವರಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ಪರೀಕ್ಷೆ ಆರಂಭವಾಗಬೇಕೆಂಬುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಅಮೆರಿಕದಲ್ಲಿ ೨೦೨೧ ರಿಂದ ಲಕ್ಷಣಗಳಿಲ್ಲದವರಿಗೂ ನಲವತ್ತೈದನೆಯ ವಯಸ್ಸಿನಿಂದ ಒಂದಲ್ಲ ಒಂದು ವಿಧವಾದ ಕರುಳಿನ ತಪಾಸಣೆ ಆಗಬೇಕೆಂದು ವಿಧಿಸಿದ್ದಾರೆ. ನಮ್ಮ ದೇಶದಲ್ಲಿ ಈ ರೋಗ ಅಷ್ಟು ಹೆಚ್ಚಿಲ್ಲ. ಸರ್ಕಾರದ ತಪಾಸಣೆಯ ಕಾರ್ಯಕ್ರಮವು ಬಾಯಿ, ಸ್ತನ, ಗರ್ಭಕಂಠಗಳ ಅರ್ಬುದಗಳಿಗೆ ಸಂಬಂಧಪಟ್ಟುದು. ಆದಕಾರಣ ಇಲ್ಲಿ ಯಾರೂ ಮನೆಗೆ ಬಂದು ಕರೆಯುವುದಿಲ್ಲ; ಲಕ್ಷಣವುಳ್ಳವರೂ ಕುಟುಂಬದಲ್ಲಿ ರೋಗವುಳ್ಳವರೂ ತಾವಾಗಿಯೇ ಹೋಗಬೇಕು.

ಈಗ ಸಿದ್ಧತೆಯ ವಿಷಯ. ಪರೀಕ್ಷೆಗಿಂತ ಸಿದ್ಧತೆಯೇ ಕಷ್ಟವೆಂಬುದು ಮಾಡಿಸಿಕೊಂಡವರೆಲ್ಲರ ಮಾತು; ನಮ್ಮದೂ ಅದೇ. ಮೊದಲನೆಯದಾಗಿ, ತಾವು ಸೇವಿಸುತ್ತಿರುವ ಔಷಧಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಬೇಕು. ರಕ್ತವನ್ನು ತೆಳುವಾಗಿಸುವ ಮಾತ್ರೆ, ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್, ಇವುಗಳನ್ನು ಎಂದು ನಿಲ್ಲಿಸಬೇಕು, ಎಷ್ಟು ಕಡಿಮೆ ಮಾಡಬೇಕು ಎಂಬುದನ್ನು ಅವರೇ ಹೇಳಬೇಕು. ತಾವಾಗಿ ನಿಲ್ಲಿಸುವುದು ಅಪಾಯಕರ. ಕಬ್ಬಿಣದ ಮಾತ್ರೆಯು ಮಲವನ್ನು ಕಪ್ಪಾಗಿಸಿ ಕರುಳಿಗೆ ಅಂಟಿಸುವುದರಿಂದ ಅದನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸುತ್ತಾರೆ. ಮೂತ್ರಪಿಂಡದ ಅಥವಾ ಹೃದಯದ ರೋಗವಿದ್ದರೆ ಅದನ್ನು ಹೇಳದೆ ಬಿಡಬಾರದು. ವಿರೇಚನದ ಔಷಧವನ್ನು ಅದಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ.

ಎರಡು ಮೂರು ದಿನಗಳ ಮುಂಚಿನಿಂದ ನಾರು ಹೆಚ್ಚಾಗಿರುವ ಆಹಾರವನ್ನು ಬಿಡಬೇಕು. ಸೊಪ್ಪು, ಹಸಿಯ ತರಕಾರಿ, ಸಿಪ್ಪೆಯುಳ್ಳ ಕಾಳು, ರಾಗಿ, ತೆಂಗಿನ ತುರಿ, ಬೀಜವಿರುವ ಸೀಬೆ ಟೊಮೇಟೊಗಳು ಬೇಡ. ಒಂದು ಸಾಸಿವೆಯ ಕಾಳು ಕರುಳಿನ ಗೋಡೆಗೆ ಅಂಟಿದರೂ ಕ್ಯಾಮೆರಾದ ಮುಂದೆ ಗುಡ್ಡದಂತೆ ಕಾಣುತ್ತದೆಂದು ವೈದ್ಯರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಒಗ್ಗರಣೆಗೂ ಎರಡು ದಿನ ವಿರಾಮವಾಯಿತು. ಬಿಳಿಯ ಅನ್ನ, ಇಡ್ಲಿ, ಮಜ್ಜಿಗೆ, ಬೇಳೆಯ ಕಟ್ಟು ಇವುಗಳಿಂದ ಕಾಲ ಕಳೆದೆವು. ಹಿಂದಿನ ದಿನ ತಿಳಿಯಾದ ದ್ರವಗಳು ಮಾತ್ರ: ಎಳನೀರು, ಸೋಸಿದ ನಿಂಬೆಯ ಪಾನಕ, ಸಕ್ಕರೆ ನೀರು, ಹಾಲಿಲ್ಲದ ಕಾಫಿ, ಸೋಸಿ ತೆಗೆದ ತಿಳಿಸಾರು. ಹಾಲು ಮಜ್ಜಿಗೆಗಳು ಆ ದಿನ ನಿಷಿದ್ಧ. ಕೆಂಪು ಬಣ್ಣದ ಪಾನಕವನ್ನೂ ಕುಡಿಯಬಾರದು. ಒಳಗೆ ಅದು ರಕ್ತದಂತೆ ಕಾಣುತ್ತದೆ. ಏಕಾದಶಿಯ ಅಭ್ಯಾಸವುಳ್ಳವರಿಗೆ ಇದು ಅಷ್ಟೇನೂ ದುಸ್ಸಾಧ್ಯವಲ್ಲ. ಒಂದೇ ವ್ಯತ್ಯಾಸವೆಂದರೆ ಆ ವ್ರತದಲ್ಲಿ ಅವಲಕ್ಕಿ ಹಣ್ಣುಗಳೆಂದು ಫಲಾಹಾರಕ್ಕೆ ಎಡೆಯಿರುವುದು, ಈ ವ್ರತದಲ್ಲಿ ಅದೂ ಇಲ್ಲ.

ಅನಂತರ ಔಷಧ. ನಮಗೆ ಕೊಟ್ಟುದು ಎರಡು ಲೀಟರು ನೀರಿನಲ್ಲಿ ಕದಡತಕ್ಕ ಪುಡಿ. ನಮ್ಮ ಬಾಲ್ಯದಲ್ಲಿ ಅಜ್ಜಿಯರು ಕೊಡುತ್ತಿದ್ದ ಹರಳೆಣ್ಣೆಯೇ ಸಾಲದೇ ಎಂದು ವಾಚಕರು ಕೇಳಬಹುದು, ಸಾಲದು. ಹರಳೆಣ್ಣೆಯು ಕರುಳನ್ನು ಕೆರಳಿಸಿ ಭೇದಿಯನ್ನು ಉಂಟುಮಾಡುತ್ತದೆ. ಈ ಪುಡಿಯಾದರೋ ದೇಹಕ್ಕೆ ಹೀರಿಕೊಳ್ಳದೆ, ನೀರನ್ನು ಕರುಳಿನೊಳಗೇ ಹಿಡಿದಿಟ್ಟು, ಕೊಟ್ಟಿಗೆಯನ್ನು ತೊಳೆದಂತೆ ತೊಳೆದುಬಿಡುತ್ತದೆ. ಅರ್ಧವನ್ನು ಹಿಂದಿನ ಸಾಯಂಕಾಲ, ಉಳಿದರ್ಧವನ್ನು ಪರೀಕ್ಷೆಯ ದಿನ ನಾಲ್ಕಾರು ಗಂಟೆ ಮೊದಲು ಆರಂಭಿಸಿ ಕುಡಿಯಬೇಕು. ಬೆಳಿಗ್ಗೆಯ ಪರೀಕ್ಷೆಯಾದರೆ ಬೆಳಗಿನ ಜಾವ ಮೂರು ನಾಲ್ಕು ಗಂಟೆಗೇ ಏಳಬೇಕಾಗುತ್ತದೆ. ಇದನ್ನು ತಪ್ಪಿಸುವುದಕ್ಕಾಗಿ ಎಲ್ಲವನ್ನೂ ರಾತ್ರಿಯೇ ಮುಗಿಸಿದರೆ ಮುಂಜಾವಿನ ಹೊತ್ತಿಗೆ ಸಣ್ಣ ಕರುಳಿನಿಂದ ಮತ್ತೆ ಹೊಲಸು ಇಳಿದಿರುತ್ತದಂತೆ. ಪರೀಕ್ಷೆಗೆ ಎರಡು ಗಂಟೆ ಮುಂಚೆ ಎಲ್ಲ ಪಾನವೂ ನಿಲ್ಲಬೇಕು. ಕೆಲವು ಕಡೆ ಇನ್ನೂ ಮುಂಚೆಯೇ ನಿಲ್ಲಿಸುತ್ತಾರೆ.

ಅದರ ರುಚಿ ಉಪ್ಪುಪ್ಪಾಗಿ ಜಿಡ್ಡಾಗಿರುತ್ತದೆ. ತಣ್ಣಗೆ ಮಾಡಿ ನಾಲ್ಕು ಹನಿ ನಿಂಬೆಯ ರಸವನ್ನು ಹಿಂಡಿಕೊಂಡರೆ ಸಹ್ಯವಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಯತಕ್ಕದ್ದು. ನಾವು ನಾಲ್ಕನೆಯ ಲೋಟಕ್ಕೆ ಮುಖ ತಿರುಗಿಸಿದಾಗ ಗೃಹಿಣಿಯು ಗಡಿಯಾರವನ್ನು ಮುಂದಿಟ್ಟುಕೊಂಡು, “ಹುಡುಗರಿಗೆ ಮೂವತ್ತು ವರ್ಷ ಪಾಠ ಒಪ್ಪಿಸಿ ಅಂತ ಕೂತಿದ್ದಿರಲ್ಲ, ಈಗ ನೀವು ಒಪ್ಪಿಸಿ” ಎಂದಳು. ಒಪ್ಪಿಸಿದೆವು. ವಾಕರಿಕೆ ಬಂದರೆ ಅರ್ಧ ಗಂಟೆ ತಡೆದು ಮತ್ತೆ ಆರಂಭಿಸಬಹುದು. ವಾಂತಿಯಾಗಿ ಔಷಧವೆಲ್ಲ ಹೋದರೆ ಆಸ್ಪತ್ರೆಗೆ ತಿಳಿಸಬೇಕು. ಒಂದು ಗಂಟೆಯೊಳಗಾಗಿ ಭೇದಿ ಆರಂಭವಾಗುವುದು ಸಾಮಾನ್ಯ, ಕೆಲವರಿಗೆ ತಡವಾಗಬಹುದು. ಆಮೇಲೆ ಬಚ್ಚಲಿನಿಂದ ದೂರ ಇರತಕ್ಕದ್ದಲ್ಲ. ದಾರಿಯಲ್ಲಿ ದೀಪವಿರಲಿ, ನೆಲ ಒಣಗಿರಲಿ, ವೃದ್ಧರಾದರೆ ರಾತ್ರಿ ಜೊತೆಗೊಬ್ಬರಿರಲಿ. ಮೇಲಿಂದ ಮೇಲೆ ತೊಳೆದುಕೊಳ್ಳುವುದರಿಂದ ಉರಿಯಾಗುತ್ತದೆ. ಮೊದಲೇ ತೆಂಗಿನೆಣ್ಣೆಯನ್ನು ಲೇಪಿಸಿಕೊಂಡರೆ ಬಾಧೆಯಿಲ್ಲ. ಕಡೆಯಲ್ಲಿ ಬರುವುದು ತಿಳಿಹಳದಿಯ ನೀರಿನಂತೆ, ಕಸರಿಲ್ಲದೆ ಇರಬೇಕು. ಹಾಗಿಲ್ಲದೆ ಕದಡಾಗಿಯೇ ಇದ್ದರೆ ಹೋದೊಡನೆ ಹೇಳಬೇಕು. ಶುದ್ಧಿ ಸಾಲದಿದ್ದರೆ ಮೊಗ್ಗುಗಳು ಮರೆಯಾಗಿ ಉಳಿಯುತ್ತವೆ. ಪಟ್ಟ ಶ್ರಮವೆಲ್ಲ ಎರಡನೆಯ ಸಲ ಪಡಬೇಕಾಗುತ್ತದೆ.

ಆಸ್ಪತ್ರೆಗೆ ಒಬ್ಬರೇ ಹೋಗಬಾರದು. ನಾವು ಮಗನನ್ನು ಕರೆದುಕೊಂಡು ಹೋದೆವು. ಅಲ್ಲಿ ಒಪ್ಪಿಗೆಯ ಪತ್ರವನ್ನು ಓದಿಸಿ ಸಹಿ ಮಾಡಿಸಿಕೊಳ್ಳುತ್ತಾರೆ. ಅದನ್ನು ಓದದೆ ಸಹಿ ಹಾಕತಕ್ಕದ್ದಲ್ಲ. ಮೊಗ್ಗು ಕಂಡರೆ ಆಗಲೇ ತೆಗೆಯಬಹುದೇ ಎಂಬ ಅಂಶವೂ ಅದರಲ್ಲಿ ಸೇರಿರುತ್ತದೆ. ಉಂಗುರ, ಕನ್ನಡಕ, ಕಟ್ಟಿಸಿದ ಹಲ್ಲು ಇವನ್ನು ಜೊತೆಯವರಿಗೆ ಕೊಟ್ಟು, ಹಿಂಭಾಗ ತೆರೆದಿರುವ ಒಂದು ನಿಲುವಂಗಿಯನ್ನು ಧರಿಸಬೇಕು. ಲಜ್ಜೆಯೆನಿಸಿದ ಘಳಿಗೆ ಅದೊಂದೇ. ಅದೂ ಬಹಳ ಹೊತ್ತು ನಿಲ್ಲಲಿಲ್ಲ. ಮೇಲೆ ಹೊದಿಕೆಯನ್ನು ಹೊದಿಸಿದರು. ಒಳಗಿದ್ದವರೆಲ್ಲರೂ ದಿನವೂ ಇದೇ ಕೆಲಸವನ್ನು ಮಾಡತಕ್ಕವರು, ಮುಖದಲ್ಲಿ ಕುತೂಹಲವೇ ಇಲ್ಲ. ಕೈಯ ನರಕ್ಕೆ ಸೂಜಿಯನ್ನು ಚುಚ್ಚಿ, ಬೆರಳಿಗೆ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಗಮನಿಸುವ ಚಿಮುಟವನ್ನು ಸಿಕ್ಕಿಸಿ, ಎಡಮಗ್ಗುಲಾಗಿ ಮಂಡಿಗಳನ್ನು ಎದೆಯ ಕಡೆಗೆ ಮಡಿಸಿ ಮಲಗಿಸಿದರು.

ಮಂಪರಿನ ಔಷಧವನ್ನು ಹಲವು ಪ್ರಮಾಣಗಳಲ್ಲಿ ಕೊಡುತ್ತಾರೆ. ಕೆಲವರು ಗಾಢವಾಗಿ ನಿದ್ರಿಸುತ್ತಾರೆ. ಕೆಲವರಿಗೆ ಅರ್ಧ ಎಚ್ಚರವಿರುತ್ತದೆ. ನಮ್ಮದು ಎರಡನೆಯ ಬಗೆ. ಮೊದಲು ವೈದ್ಯರು ಕೈಗವಸಿನ ಬೆರಳಿನಿಂದ ಪರೀಕ್ಷಿಸಿ, ಅನಂತರ ಜಾರುವ ಲೇಹ್ಯವನ್ನು ಸವರಿದ ಕೊಳವೆಯನ್ನು ಒಳಕ್ಕೆ ಬಿಡುತ್ತಾರೆ. ಮಡಿಕೆಗಳು ಬಿಡಿಸಿಕೊಳ್ಳಲೆಂದು ವಾಯುವನ್ನು ತುಂಬುವುದರಿಂದ ಹೊಟ್ಟೆ ಉಬ್ಬರಿಸಿದಂತೆ, ಶೌಚಕ್ಕೆ ಹೋಗಬೇಕೆಂಬಂತೆ ಅನ್ನಿಸುತ್ತದೆ. ಡೊಂಕುಗಳಲ್ಲಿ ಕೊಳವೆ ತಿರುಗುವಾಗ ಒಂದೆರಡು ಬಾರಿ ಹಿಡಿದು ಹಿಂಡಿದಂತೆ ನೋವಾಯಿತು, ದಾದಿಯು ಹೊಟ್ಟೆಯನ್ನು ಅದುಮಿ, ದೀರ್ಘವಾಗಿ ಉಸಿರಾಡಿ ಎಂದಳು, ನೋವು ಹೋಯಿತು. ನೋವು ಹೆಚ್ಚಾದರೆ ಹೇಳಬಹುದು, ಔಷಧವನ್ನು ಹೆಚ್ಚಿಸುತ್ತಾರೆ. ತೆರೆಯ ಮೇಲೆ ನಸುಗೆಂಪಾದ, ನುಣುಪಾದ, ಉಂಗುರ ಉಂಗುರವಾದ ಗುಹೆಯೊಂದು ಕಾಣುತ್ತಿತ್ತು. ಅದು ನಮ್ಮದೇ ಎಂಬುದು ಮಂಪರಿನಲ್ಲಿ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೊಳವೆಯನ್ನು ಕೊನೆಯವರೆಗೆ ಮುಟ್ಟಿಸಿ, ಅನಂತರ ಮೆಲ್ಲಗೆ ಹಿಂದಕ್ಕೆ ಎಳೆಯುತ್ತ ಗೋಡೆಗಳನ್ನು ನೋಡುವುದೇ ಮುಖ್ಯವಾದ ಕೆಲಸ. ಹೀಗೆ ಎಳೆಯುವುದಕ್ಕೆ ಆರು ನಿಮಿಷಗಳಿಗೆ ಕಡಿಮೆಯಾಗಬಾರದೆಂಬ ನಿಯಮವಿದೆ. ಎಲ್ಲ ಸೇರಿ ಅರ್ಧ ಗಂಟೆಯಷ್ಟಾಯಿತು.

ಕರುಳಿನ ಕೆಳಡೊಂಕಿನಲ್ಲಿ ಒಂದು ಮೊಗ್ಗು ಸಿಕ್ಕಿತು. ಎಂಟು ಮಿಲಿಮೀಟರು, ಕಡಲೆಯ ಕಾಳಿನಷ್ಟು. ತಂತಿಯ ಕುಣಿಕೆಯನ್ನು ಹಾಕಿ ತೆಗೆದರು. ಕರುಳಿನ ಒಳಪೊರೆಗೆ ಕೊಯ್ದ ನೋವು ತಿಳಿಯುವುದಿಲ್ಲವಾದ್ದರಿಂದ ನಮಗೆ ಏನೂ ಗೊತ್ತಾಗಲಿಲ್ಲ. ಒಂದು ವಾರದ ಮೇಲೆ ಬಂದ ವರದಿಯಲ್ಲಿ, ಅದು ಅರ್ಬುದವಲ್ಲ, ಆದರೆ ಕಾಲಾಂತರದಲ್ಲಿ ಅರ್ಬುದವಾಗಬಲ್ಲ ಜಾತಿಯದು ಎಂದಿತ್ತು. ಐದು ವರ್ಷಗಳ ಮೇಲೆ ಮತ್ತೆ ಬರಬೇಕೆಂದರು. ಮನೆಗೆ ಬಂದು ಆ ಕಾಗದವನ್ನು ಗೃಹಿಣಿಗೆ ಓದಿ ಹೇಳಿದಾಗ ಅವಳು ಏನೂ ಮಾತಾಡಲಿಲ್ಲ. ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ನಮಗೆ ನೆನಪಿಗೆ ಬಂದುದು ಅಣ್ಣನವರು. ಅವರದೂ ಒಂದು ಕಾಲದಲ್ಲಿ ಕಡಲೆಯ ಕಾಳಿನಷ್ಟೇ ಇದ್ದಿರಬೇಕು.

ಪರೀಕ್ಷೆಯಾದ ಮೇಲೆ ಒಂದೆರಡು ಗಂಟೆ ಮಲಗಿಸಿಕೊಳ್ಳುತ್ತಾರೆ. ತುಂಬಿದ ವಾಯು ಹೊರಗೆ ಹೋಗಬೇಕು. ಅದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ, ತಡೆದರೆ ಹೊಟ್ಟೆನೋವು ಹೆಚ್ಚುತ್ತದೆ. ವಿರೇಚನದ ಮೇಲೆ ಪೇಯೆಯಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಆಹಾರವನ್ನು ಏರಿಸಬೇಕೆಂಬುದು ಆಯುರ್ವೇದದ ಕ್ರಮ; ಇಲ್ಲಿ ಅಷ್ಟು ನಿರ್ಬಂಧವಿಲ್ಲದಿದ್ದರೂ ಆ ಹೊತ್ತಿಗೆ ಗಂಜಿ, ಮೊಸರನ್ನದಂತಹ ಲಘುವಾದ ಊಟವೇ ಹಿತವೆನಿಸಿತು. ಮಂಪರು ಬಿಟ್ಟಂತೆ ತೋರಿದರೂ ಇಪ್ಪತ್ತನಾಲ್ಕು ಗಂಟೆಗಳ ಕಾಲ ವಾಹನವನ್ನು ನಡೆಸಬಾರದು, ಆಸ್ತಿಯ ಪತ್ರಗಳಿಗೆ ಸಹಿ ಹಾಕಬಾರದು. ವೈದ್ಯರು ಹೇಳಿದುದನ್ನು ಜೊತೆಯವರು ಬರೆದುಕೊಳ್ಳಬೇಕು. ರೋಗಿಯ ನೆನಪಿನಲ್ಲಿ ಅದು ನಿಲ್ಲುವುದಿಲ್ಲ. ನಮಗೆ ಹೇಳಿದರೆಂಬ ಮಾತುಗಳಲ್ಲಿ ಅರ್ಧವನ್ನು ಮಗನಿಂದಲೇ ತಿಳಿದೆವು.

ಅಪಾಯವೇ ಇಲ್ಲವೆಂದು ಹೇಳುವುದು ಸತ್ಯವಾಗದು. ಕರುಳಿಗೆ ರಂಧ್ರವಾಗುವುದುಂಟು, ಅದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಮೊಗ್ಗನ್ನು ತೆಗೆದ ಸ್ಥಳದಿಂದ ರಕ್ತಸ್ರಾವವಾಗಬಹುದು, ಅದೂ ಎರಡು ವಾರಗಳವರೆಗೆ ಆಗಬಹುದು. ಮೊದಲ ಸಲ ಶೌಚದಲ್ಲಿ ಒಂದೆರಡು ಹನಿ ಕಂಡರೆ ಭಯವಿಲ್ಲ. ರಕ್ತವು ಹೆಚ್ಚಾಗಿ ಅಥವಾ ಗಡ್ಡೆಗಡ್ಡೆಯಾಗಿ ಬಿದ್ದರೆ, ಹೊಟ್ಟೆನೋವು ತಗ್ಗದೆ ಏರುತ್ತ ಹೋದರೆ, ಹೊಟ್ಟೆ ಕಲ್ಲಿನಂತೆ ಬಿಗಿದರೆ, ಜ್ವರ, ವಾಂತಿ, ತಲೆಸುತ್ತುಗಳು ಬಂದರೆ, ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು: ಎಷ್ಟು ನಿಪುಣರು ನೋಡಿದರೂ ಸಣ್ಣದೊಂದು ಮೊಗ್ಗು ಕಣ್ತಪ್ಪುವುದು ಸಾಧ್ಯ. ಪರೀಕ್ಷೆ ಚೆನ್ನಾಗಿತ್ತೆಂದು, ಆಮೇಲೆ ಕಂಡ ಹೊಸ ಲಕ್ಷಣವನ್ನು ಉಪೇಕ್ಷಿಸತಕ್ಕದ್ದಲ್ಲ.

ನಮ್ಮ ತಂಗಿಯು ಮೊದಲು ಒಪ್ಪಲಿಲ್ಲ. “ನನಗೇನಾಗಿದೆ ಅಣ್ಣಯ್ಯ? ಗಂಡಸರ ಮುಂದೆ ಹೇಗೆ ಮಲಗಲಿ?” ಎಂದು ಎರಡು ತಿಂಗಳು ತಳ್ಳಿದಳು. ಹೆಂಗಸರಾದ ವೈದ್ಯರೇ ಬೇಕೆಂದು, ಇಲ್ಲವಾದರೆ ದಾದಿಯರಾದರೂ ಜೊತೆಯಲ್ಲಿರಬೇಕೆಂದು ಮುಂಚಿತವಾಗಿ ಕೇಳಿಕೊಳ್ಳಬಹುದೆಂದು ತಿಳಿದ ಮೇಲೆ ಹೋದಳು. ಅವಳಿಗೆ ಏನೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಇಂತಹ ಬಾಧೆಗಳನ್ನು ಗಂಡನಿಗೂ ಹೇಳದೆ ಸಹಿಸುವುದುಂಟು. ಗಂಡಸರು ಸಹಿಸುವುದನ್ನೇ ಪೌರುಷವೆಂದು ಎಣಿಸುವುದುಂಟು. ಫಲವು ಎರಡಕ್ಕೂ ಒಂದೇ.

ಶ್ರಾದ್ಧದ ದಿನ ಪಿತೃ, ಪಿತಾಮಹ, ಪ್ರಪಿತಾಮಹರ ನಾಮಗೋತ್ರಗಳನ್ನು ನಾವು ತಪ್ಪದೆ ಉಚ್ಚರಿಸುತ್ತೇವೆ. ಅವರು ಯಾವ ವ್ಯಾಧಿಯಿಂದ, ಯಾವ ವಯಸ್ಸಿನಲ್ಲಿ ತೀರಿಕೊಂಡರೆಂದು ಕೇಳಿದರೆ ಬಹುಮಂದಿಗೆ ಉತ್ತರ ತಿಳಿಯದು. ನಮ್ಮ ತೀರ್ಥರೂಪರಿಗೆ ಇದ್ದುದು ಮೂಲವ್ಯಾಧಿಯೋ ಮತ್ತೊಂದೋ ಹೇಳಬಲ್ಲವರು ಈಗ ಯಾರೂ ಇಲ್ಲ. ಅಣ್ಣನವರ ಮಕ್ಕಳಿಗೆ ಮಾತ್ರ ಅವರ ತಂದೆಯ ರೋಗದ ಹೆಸರನ್ನೂ ಅದು ಕಂಡ ವಯಸ್ಸನ್ನೂ ಬರೆದು ಕೊಟ್ಟಿದ್ದೇವೆ. ನಮ್ಮ ವರದಿಯ ಪ್ರತಿಯನ್ನು ನಮ್ಮ ಮಗನ ಕೈಯಲ್ಲಿ ಇಟ್ಟಿದ್ದೇವೆ. ವಾಚಕ ಮಹಾಶಯರೂ ತಮ್ಮ ಮನೆಗಳಲ್ಲಿ ಇಂತಹ ಒಂದು ಪುಟವನ್ನು ಬರೆದಿಡಬೇಕೆಂದೂ, ಮಲದಲ್ಲಿ ರಕ್ತ ಕಂಡವರು ಯಾರೇ ಆಗಲಿ ಅದನ್ನು ಆ ವಾರವೇ ವೈದ್ಯರಿಗೆ ಹೇಳಬೇಕೆಂದೂ ನಮ್ಮ ವಿಜ್ಞಾಪನೆ.